ಪಂಪು ಪಾಲಾಗಲಿಲ್ಲ

ಹಿಸೆಯಾದ ದಿನ ಕೊಡಪಾನ ಎಣಿಸಿದರು.
ಒನಕೆ, ಮೆಟ್ಟುಗತ್ತಿ, ಮುರಿದ ಏಣಿ,
ಎಲ್ಲಕ್ಕೂ ಚೀಟಿ ಎತ್ತಿದರು.
ಗದ್ದೆಯ ನಡುವೆ ಹೊಸ ಹಾಳಿ ಎದ್ದಿತು, ಮೊಣಕಾಲೆತ್ತರ.
ಪಂಪು ಮಾತ್ರ ಪಾಲಾಗಲಿಲ್ಲ.
ಇಂಜಿನ್ನು ಅವರಿಗೆ, ಪೈಪು ಇವರಿಗೆ ಎಂದರೆ
ನೀರು ಯಾರಿಗೆ?
ಸಾಂತಾನ ಮೇಸ್ತ್ರಿ ಸ್ಪ್ಯಾನರ್ ಒರೆಸುತ್ತ ತೀರ್ಪು ಕೊಟ್ಟ:
'ಒಂದಿನ ಅವಳದ್ದು, ಒಂದಿನ ನಿಂದು.
ಸೀಮೆಎಣ್ಣೆ ಅವರವರದ್ದು ಮಾರಾಯ್ತಿ.'

ಅಲ್ಲಿಂದ ಏಳು ವರ್ಷ
ನನಗೂ ಓರಗಿತ್ತಿ ಬೀರಮ್ಮನಿಗೂ ಮಾತಿಲ್ಲ.

ಆದರೂ ಭತ್ತ ಕೊಯ್ದು, ಕೂಳೆ ಒಣಗಿ,
ಮಡಿಯಲ್ಲಿ ನೀರುಳ್ಳಿ ಸಸಿ ಸೂಜಿಯಷ್ಟಾದ ಹೊತ್ತಿಗೆ
ಒಂದು ಬೆಳಿಗ್ಗೆ ಅವಳ ಬಾಗಿಲಿಗೆ ಬಿದಿರಗಳ ಒರಗಿರುತ್ತದೆ.
ಅದೇ ಕರೆ.
ನಾನು ಹಗ್ಗ ತಗೊಂಡು ಹೋಗುತ್ತೇನೆ.
ಅವಳ ಗಂಡನಿಗೆ ಸೊಂಟನೋವು, ನನ್ನವನಿಗೆ ಸಿಟ್ಟು,
ಎರಡೂ ಭಾರ ಎತ್ತುವುದಿಲ್ಲ.
ಅಟ್ಟದಿಂದ ಇಳಿಸುವಾಗ ಇಲಿಹಿಕ್ಕೆ
ಇಬ್ಬರ ತಲೆಗೂ ಸುರಿಯುತ್ತದೆ,
ಚೀಟಿ ಎತ್ತದೆ.

ಅವಳು ಉದ್ದ, ನಾನು ಗಿಡ್ಡ.
ಬಿದಿರು ಯಾವಾಗಲೂ ನನ್ನ ಕಡೆಗೇ ಇಳಿಜಾರು.
ಹತ್ತು ಹೆಜ್ಜೆಗೊಮ್ಮೆ ಹಗ್ಗ ಜಾರಿ
ಮೂವತ್ತೆಂಟು ಕಿಲೋ ಕಬ್ಬಿಣ
ನನ್ನ ಬೆನ್ನಿಗೆ ಬಂದು ಆತುಕೊಳ್ಳುತ್ತದೆ,
ಕರೆಯದ ನೆಂಟನ ಹಾಗೆ.
ನಾನು ಮುಂದೆ, ಅವಳು ಹಿಂದೆ.
ಮುಖ ಕಾಣುವುದಿಲ್ಲ, ಒಳ್ಳೆಯದೇ ಆಯಿತು.
ಉಸಿರು ಮಾತ್ರ ಬಿದಿರಿನುದ್ದಕ್ಕೂ ಬಂದು
ನನ್ನ ಹೆಗಲಿಗೆ ತಟ್ಟುತ್ತದೆ.

ಮೊದಲು ರಸ್ತೆ ಒಂದೇ ಓಟಕ್ಕೆ ದಾಟುತ್ತಿತ್ತು.
ಈಗ ಹೆದ್ದಾರಿಗೆ ನಾಲ್ಕು ಪಟ್ಟಿ, ನಡುವೆ ಡಿವೈಡರ್.
ಅಲ್ಲಿ ನಿಲ್ಲಬೇಕು, ಇಳಿಸಕೂಡದು,
ಇಳಿಸಿದರೆ ಮತ್ತೆ ಏಳುವುದಿಲ್ಲ.
ಗೋವಾ ಬಸ್ಸು, ಮೀನಿನ ಲಾರಿ,
ಐಸು ಕರಗಿದ ನೀರು ಸೀರೆಯ ಅಂಚಿಗೆ.
ನಡುವೆ ಪಂಪು ತೂಗುತ್ತದೆ, ತೊಟ್ಟಿಲು.
ಯಾರದೋ ಕಾರಿನ ಮಗು ಕೈ ಬೀಸಿತು.
ಬೀಸಲು ನಮಗೆ ಕೈಯಿರಲಿಲ್ಲ.

ಆಮೇಲೆ ಹೊಂಡ, ಹೊಯಿಗೆ, ಸಾಲು.
ಅವಳ ದಿನ ಅವಳ ಸಾಲಿಗೆ ನೀರು ಬಿಟ್ಟರೆ
ಹಾಳಿಯ ಏಡಿಬಿಲದಿಂದ ನನ್ನ ಕಡೆಗೂ ಒಸರುತ್ತದೆ,
ನನ್ನ ದಿನ ಅವಳ ಕಡೆಗೆ.
ಏಡಿಗೆ ಹಿಸೆಪತ್ರ ಓದಲು ಬಾರದು.
ಬಿಲ ಮುಚ್ಚಲು ಇಬ್ಬರ ಹತ್ತಿರವೂ ಗುದ್ದಲಿಯಿದೆ.
ಮುಚ್ಚಿಲ್ಲ.

ಬಿಸಿಲು ಬಲಿತಾಗ ಕಿತ್ತು, ಒಣಗಿಸಿ, ಜಡೆ ಹೆಣೆದು
ಅಳ್ವೆಕೋಡಿಯ ರಸ್ತೆಬದಿ ಗಳಕ್ಕೆ ತೂಗುಹಾಕುತ್ತೇವೆ,
ಅವಳದೊಂದು ಗಳ, ನನ್ನದೊಂದು ಗಳ.
ಕಾರಿನವರು ಅವಳಲ್ಲಿ ಕೇಳಿ ನನ್ನಲ್ಲಿಗೆ ಬರುತ್ತಾರೆ.
ದರ ಒಂದೇ.
'ಮಾತಾಡಿಕೊಂಡಿದ್ದೀರಾ?' ಎನ್ನುತ್ತಾರೆ.
ನಾನು ಒಣಸಿಪ್ಪೆ ಸುಲಿಯುತ್ತ ಕೂರುತ್ತೇನೆ.

ಈ ಸಲ ಮೋಡ ಬೇಗ ಬಂತು.
ಹೊಂಡದ ನೀರಿಗೆ ಆಗಲೇ ಉಪ್ಪಿನ ರುಚಿ,
ಮೊಗೆಕಾಯಿ ಬಳ್ಳಿ ಅರ್ಧ ಬಾಡಿತ್ತು.
ಹೊತ್ತು ಮೂಡುವ ಮೊದಲೇ ಬಿದಿರು ಹಾಳಿಯ ಮೇಲಿತ್ತು.
ಮರಳುವಾಗ ಅವಳು ಮುಂದೆ, ನಾನು ಹಿಂದೆ.
ಏರು. ಈಗ ಬರುತ್ತದೆ, ಈಗ ಜಾರುತ್ತದೆ ಎಂದು
ಹಲ್ಲು ಕಚ್ಚಿಕೊಂಡೇ ನಡೆದೆ.
ಬರಲಿಲ್ಲ.

ಡಿವೈಡರಿನ ಮೇಲೆ ನಿಂತಾಗ ಕಂಡಿತು:
ಬಿದಿರಿಗೆ ಕತ್ತಿಯಿಂದ ಕೊರೆದ ಕಚ್ಚು,
ನಡುವಿನಿಂದ ಒಂದು ಗೇಣು ಅವಳ ಕಡೆಗೆ,
ಇನ್ನೂ ಹಸಿ, ಬೆಳ್ಳಗೆ.
ಹಗ್ಗ ಅದರಲ್ಲಿ ಕೂತಿತ್ತು.

ನನ್ನ ಕುತ್ತಿಗೆ ನೋಡಿ ಕೊರೆದಳೋ,
ಎಡವುವವಳ ಜೊತೆ ನಡೆದು ಬೇಸತ್ತು ಕೊರೆದಳೋ.
ಕೇಳಬಹುದಿತ್ತು.
ಲಾರಿ ದಾಟಿತು,
ಅವಳ ಹಿಮ್ಮಡಿ ಎದ್ದಿತು, ನನ್ನದೂ.

ಅಟ್ಟದಲ್ಲಿ ಪಂಪು ಮಲಗಿಸಿ ಗೋಣಿ ಹೊದಿಸಿದೆವು.
ಪ್ರತಿ ವರ್ಷ ಹಗ್ಗ ಸುತ್ತಿ ಮನೆಗೆ ತರುತ್ತಿದ್ದೆ.
ಈ ಸಲ ಅವಳ ಬಿದಿರಿಗೇ ಸುತ್ತಿಟ್ಟು ಬಂದೆ.